ಲೆಕ್ಕ ಇನ್ನೂ ಬಂದಿಲ್ಲ: ಬಿಸಿಯೂಟದ ಅಡುಗೆಯಮ್ಮನೊಬ್ಬಳ ಎಸ್‌ಎಸ್‌ಎಲ್‌ಸಿ ಪ್ರಕರಣ

2024ರ ಜುಲೈ ತಿಂಗಳ ಒಂದು ಸಂಜೆ ಆಕೆ ನಮ್ಮ ಮನೆಗೆ ಬಂದಳು. ಕೈಯಲ್ಲಿ ಹತ್ತನೇ ತರಗತಿ ಗಣಿತ ಪುಸ್ತಕದ ಎರಡೂ ಭಾಗ ಇದ್ದವು. ಪಕ್ಕದ ಮನೆ ಹುಡುಗನದು, ರಟ್ಟು ಕಿತ್ತುಹೋಗಿತ್ತು. ಕುರ್ಚಿಯ ತುದಿಯಲ್ಲಿ ಕೂತು ಮೊದಲು ಆಡಿದ ಮಾತು ಇದು: “ಟೀಚರ್, ನನಗೆ ಲೆಕ್ಕ ಬರಲ್ಲ. ಆದ್ರೂ ಪಾಸಾಗಬೇಕು.”

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಈ ಮಾತನ್ನು ಎಷ್ಟು ಮಕ್ಕಳ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಆದರೆ ಮೂವತ್ತಾರು ವರ್ಷದ ಹೆಂಗಸೊಬ್ಬಳು ತನ್ನ ಹೆಸರು ಹೇಳುವಷ್ಟೇ ಸಲೀಸಾಗಿ ಇದನ್ನು ಹೇಳಿದ್ದು ಮನಸ್ಸಿಗೆ ಚುಚ್ಚಿತು. ಮುಂದಿನ ಹತ್ತು ಹನ್ನೊಂದು ತಿಂಗಳು ಆ ಒಂದು ಮಾತಿನ ಸುತ್ತ ಏನೇನು ನಡೆಯಿತು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಆಕೆಯ ಒಪ್ಪಿಗೆ ಇದೆ. ಹೆಸರು, ಊರು ಹಾಕಿಲ್ಲ. ತಿಪಟೂರು ಕಡೆಯ ಹಳ್ಳಿ, ಅಷ್ಟು ಸಾಕು.

ಆಕೆ ಊರಿನ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾಳೆ. 2004ರಲ್ಲಿ ಎಸ್‌ಎಸ್‌ಎಲ್‌ಸಿ ಬರೆದಾಗ ಗಣಿತದಲ್ಲಿ 18 ಬಂದಿತ್ತು. ಶಾಲೆಯಲ್ಲಿ ಒಬ್ಬರು “ನಿನ್ನ ತಲೆಗೆ ಲೆಕ್ಕ ಹತ್ತಲ್ಲ ಬಿಡು” ಅಂದಿದ್ದರಂತೆ. ಮುಂದಿನ ವರ್ಷವೇ ಮದುವೆ. ಅಲ್ಲಿಂದ ಈಚೆಗೆ ಬ್ಯಾಂಕಿನಲ್ಲಿ, ಪಂಚಾಯ್ತಿಯಲ್ಲಿ, ಎಲ್ಲಿ ಅರ್ಜಿ ತುಂಬಿದರೂ ವಿದ್ಯಾರ್ಹತೆ ಕಾಲಂನಲ್ಲಿ “10 ಫೇಲ್” ಎಂದೇ ಬರೆಯುತ್ತಾ ಬಂದಿದ್ದಳು. ಇದನ್ನು ಸ್ವಲ್ಪ ಯೋಚಿಸಿ. ಇಪ್ಪತ್ತು ವರ್ಷ ಒಂದೇ ಮಾತನ್ನು ಬರೆದು, ಹೇಳಿ, ಸಹಿ ಹಾಕುವುದು. ಯಾವ ಜಪಕ್ಕೂ ಕಡಿಮೆ ಇಲ್ಲ, ಅಲ್ವಾ?

ಈಗ ಯಾಕೆ ಆಸೆ ಹುಟ್ಟಿತು ಎಂದರೆ, ಸ್ತ್ರೀಶಕ್ತಿ ಸಂಘಗಳ ಒಕ್ಕೂಟದಲ್ಲಿ ಲೆಕ್ಕದ ಪುಸ್ತಕ ಬರೆಯುವ ಕೆಲಸ ಖಾಲಿಯಾಗಲಿದೆ ಎಂದು ಗೊತ್ತಾಗಿತ್ತು. ಹತ್ತನೇ ತರಗತಿ ಪಾಸಾದವರು ಬೇಕು ಎಂದಿದ್ದರು. ಖಾಸಗಿ ಅಭ್ಯರ್ಥಿಯಾಗಿ ಆರೂ ವಿಷಯ ಹೊಸದಾಗಿ ಬರೆಯಬೇಕು. ಉಳಿದ ಐದರ ಬಗ್ಗೆ ಆಕೆಗೆ ಭಯ ಇರಲಿಲ್ಲ. ಇಂಗ್ಲಿಷ್ ಕೂಡ ಹೇಗೋ ಆಗುತ್ತದೆ ಅಂದಳು. ಗಣಿತ ಎಂದರೆ ಮಾತ್ರ ಮುಖ ಬಾಡುತ್ತಿತ್ತು.

ಗೋಡೆಯ ಮೇಲಿನ ಚೀಟಿ

ನನ್ನ ಹತ್ತಿರ ಬರುವ ಮುಂಚೆಯೇ ಆಕೆ ಒಂದು ಪ್ರಯತ್ನ ಮಾಡಿದ್ದಳು. ಮೊಬೈಲ್‌ನಲ್ಲಿ ಅಫರ್ಮೇಶನ್ (ತನಗೆ ತಾನೇ ಒಳ್ಳೆಯ ಮಾತು ಹೇಳಿಕೊಳ್ಳುವ) ವಿಡಿಯೋ ನೋಡಿ, ಹಳೇ ಕ್ಯಾಲೆಂಡರಿನ ಹಿಂಭಾಗದಲ್ಲಿ ಸ್ಕೆಚ್ ಪೆನ್ನಿನಿಂದ ಬರೆದು ಅಡುಗೆಮನೆ ಗೋಡೆಗೆ ಅಂಟಿಸಿದ್ದಳು: “ನಾನು ಗಣಿತದಲ್ಲಿ ಜಾಣೆ. ನಾನು ಗೆದ್ದೇ ಗೆಲ್ಲುತ್ತೇನೆ.” ಬೆಳಗಿನ ಐದು ಗಂಟೆಗೆ ಎದ್ದು ಒಲೆ ಹಚ್ಚುವ ಮುಂಚೆ 21 ಸಲ ಹೇಳಬೇಕು. ಒಂದು ತಿಂಗಳು ಬಿಡದೆ ಹೇಳಿದ್ದಾಳೆ.

“ಹೇಳ್ತಾ ಹೇಳ್ತಾ ಅಳು ಬರ್ತಿತ್ತು ಟೀಚರ್. ಬಾಯಿ ಜಾಣೆ ಅಂತಿದ್ರೆ ಒಳಗಡೆಯಿಂದ ಇನ್ನೊಬ್ಳು ‘ಹದಿನೆಂಟು, ಹದಿನೆಂಟು’ ಅಂತಿದ್ಳು.”

ನನ್ನ ಮನಸ್ಸು ದುರ್ಬಲ, ಅದಕ್ಕೇ ಕೆಲಸ ಮಾಡಲಿಲ್ಲ ಎಂದು ಆಕೆ ತಿಳಿದುಕೊಂಡಿದ್ದಳು. ಲೆಕ್ಕ ಬರಲ್ಲ ಎನ್ನುವುದರ ಜೊತೆಗೆ ನಂಬಿಕೆ ಇಡೋಕೂ ಬರಲ್ಲ ಎಂಬುದೂ ಸೇರಿಕೊಂಡಿತು. ಧೈರ್ಯ ಕೊಡಲು ಅಂಟಿಸಿದ ಚೀಟಿ ಇನ್ನೊಂದು ಸೋಲನ್ನು ತಂದಿಟ್ಟಿತ್ತು.

ಇದು ಆಕೆಯ ದೋಷವಲ್ಲ ಎಂದು ಹೇಳಲು ನನ್ನ ಹತ್ತಿರ ಆಧಾರ ಇತ್ತು. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಜೋಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಒಂದು ಪ್ರಯೋಗದ ಫಲ ಪ್ರಕಟಿಸಿದರು. ‘ನಾನು ಪ್ರೀತಿಗೆ ಯೋಗ್ಯ ವ್ಯಕ್ತಿ’ ಎಂಬ ಅರ್ಥದ ಮಾತನ್ನು ಮತ್ತೆ ಮತ್ತೆ ಹೇಳಿಕೊಳ್ಳಲು ಕೆಲವರಿಗೆ ತಿಳಿಸಿದ್ದರು. ತಮ್ಮ ಬಗ್ಗೆ ಮೊದಲೇ ಒಳ್ಳೆಯ ಅಭಿಪ್ರಾಯ ಇದ್ದವರಿಗೆ ಸ್ವಲ್ಪ ಒಳ್ಳೆಯದಾಯಿತು. ತಮ್ಮ ಬಗ್ಗೆ ಕೀಳು ಭಾವನೆ ಇದ್ದವರಿಗೆ, ಅಂದರೆ ಈ ಮಾತು ನಿಜವಾಗಿ ಬೇಕಾಗಿದ್ದವರಿಗೆ, ಹೇಳಿದ ಮೇಲೆ ಇನ್ನೂ ಬೇಸರವಾಯಿತು. ಆ ಮಾತು ನಿಜವಾಗುವ ಸಂದರ್ಭಗಳ ಜೊತೆ ನಿಜವಲ್ಲದ ಸಂದರ್ಭಗಳನ್ನೂ ಯೋಚಿಸಲು ಬಿಟ್ಟಾಗ ಅವರಿಗೆ ಅಷ್ಟು ಕಷ್ಟವಾಗಲಿಲ್ಲ. ಮನಸ್ಸಿಗೆ ಎದುರು ಮಾತಾಡುವ ಜಾಗ ಕೊಡಬೇಕು. ಬಾಯಿ ಮುಚ್ಚಿಸಿದರೆ ಅದು ಇನ್ನೂ ಜೋರಾಗಿ ಕೂಗುತ್ತದೆ. ನಾನು ಇದನ್ನು ಹಾಗೆ ಅರ್ಥ ಮಾಡಿಕೊಂಡಿದ್ದೇನೆ.

ಇದನ್ನು ಆಕೆಗೆ ಹೇಳಿದಾಗ ಒಂದು ನಿಮಿಷ ಸುಮ್ನೆ ಕೂತಿದ್ದಳು. “ಹಂಗಾದ್ರೆ ಚೀಟಿ ತೆಗೆದುಬಿಡ್ಲಾ?” ಅಂದಳು. ಇರಲಿ ಬಿಡು, ಮಾತು ಬದಲಾಯಿಸೋಣ ಅಂದೆ. ಏನೆಂದು ಬದಲಾಯಿಸಬೇಕು ಎಂಬುದು ಅವತ್ತು ನನಗೂ ಹೊಳೆದಿರಲಿಲ್ಲ.

ಶಾಲೆಯ ಅಡುಗೆ ಕೋಣೆಯಲ್ಲಿ

ಅದು ಹೊಳೆದದ್ದು ಆಗಸ್ಟ್ ತಿಂಗಳಲ್ಲಿ, ಆಕೆಯ ಕೆಲಸದ ಜಾಗದಲ್ಲೇ. ಬೇರೆ ಯಾವುದೋ ಕೆಲಸಕ್ಕೆ ಶಾಲೆಗೆ ಹೋಗಿದ್ದೆ. ಹತ್ತು ಗಂಟೆ ಹೊತ್ತಿಗೆ ಹಾಜರಾತಿ ಚೀಟಿ ಅಡುಗೆ ಕೋಣೆಗೆ ಬಂತು. ಒಂದರಿಂದ ಐದು: 38. ಆರು, ಏಳು: 21. ಚಿಕ್ಕ ಮಕ್ಕಳಿಗೆ ತಲೆಗೆ ನೂರು ಗ್ರಾಂ ಅಕ್ಕಿ, ಇಪ್ಪತ್ತು ಗ್ರಾಂ ಬೇಳೆ. ಆರನೇ ತರಗತಿಯಿಂದ ಮೇಲೆ ನೂರೈವತ್ತು ಗ್ರಾಂ ಅಕ್ಕಿ, ಮೂವತ್ತು ಗ್ರಾಂ ಬೇಳೆ. ಇದು ಬಿಸಿಯೂಟದ ಅಳತೆ.

ಆಕೆ ಚೀಟಿ ನೋಡಿದಳು. ಪೆನ್ನು ಮುಟ್ಟಲಿಲ್ಲ. “ಅಕ್ಕಿ ಏಳು ಕೆಜಿಗೆ ಐವತ್ತು ಗ್ರಾಂ ಕಮ್ಮಿ. ಬೇಳೆ ಒಂದು ಕೆಜಿ ಮುನ್ನೂರ ತೊಂಬತ್ತು” ಎಂದು ಜೊತೆಯ ಅಡುಗೆಯವರಿಗೆ ಹೇಳಿ ತಕ್ಕಡಿ ಕಡೆ ನಡೆದಳು. ನಾನು ಬಾಗಿಲಲ್ಲಿ ನಿಂತು ಬೆರಳು ಮಡಚುತ್ತಿದ್ದೆ. 3,800 ಮತ್ತು 3,150, ಒಟ್ಟು 6,950. ಸರಿ. 760 ಮತ್ತು 630, ಒಟ್ಟು 1,390. ಅದೂ ಸರಿ.

“ಹಾಲಿನ ಪುಡಿ ಎಷ್ಟು ಬೇಕಮ್ಮ?” ಎಂದು ಕೇಳಿದೆ. ಕ್ಷೀರಭಾಗ್ಯದಲ್ಲಿ ಒಂದು ಮಗುವಿಗೆ 18 ಗ್ರಾಂ ಪುಡಿ.

“ಅರವತ್ತು ಮಕ್ಕಳಿಗೆ ಸಾವಿರದ ಎಂಬತ್ತು. ಇವತ್ತು ಒಂದು ಮಗು ಕಮ್ಮಿ. ಹದಿನೆಂಟು ತೆಗೆದ್ರೆ ಸಾವಿರದ ಅರವತ್ತೆರಡು.”

ನನಗೆ ಕಣ್ಣು ತುಂಬಿ ಬಂತು. 59ನ್ನು 60ರಿಂದ 1 ಕಳೆದದ್ದು ಎಂದು ಒಡೆದು ಗುಣಿಸುವುದನ್ನು ನಾನು ವರ್ಷಾನುಗಟ್ಟಲೆ ಕರಿಹಲಗೆಯ ಮೇಲೆ ಕಲಿಸಿದ್ದೇನೆ. ಎಷ್ಟೋ ಮಕ್ಕಳು ಅದನ್ನು ಬಾಯಿಪಾಠ ಮಾಡಿ ಮರೆತರು. ಈಕೆ ದಿನಾ ಮಾಡುತ್ತಾಳೆ, ತಪ್ಪಿದರೆ ಮಕ್ಕಳಿಗೆ ಊಟ ಸಾಲುವುದಿಲ್ಲ ಎಂಬ ಜವಾಬ್ದಾರಿಯ ಜೊತೆ. ಮತ್ತು ಇದೇ ಬಾಯಿ ನನಗೆ ಲೆಕ್ಕ ಬರಲ್ಲ ಅನ್ನುತ್ತದೆ.

ಅವತ್ತು ಸಂಜೆ ಇದನ್ನೇ ಹೇಳಿದೆ. ಆಕೆ ಒಪ್ಪಲಿಲ್ಲ. “ಅದು ಲೆಕ್ಕನಾ ಟೀಚರ್? ಅದು ಅಡುಗೆ.” ಸರಿ, ಅಡುಗೆ ಅಂತಲೇ ಇಟ್ಟುಕೋ. ಆದರೆ “ಅಡುಗೆ ಕೋಣೆಯಲ್ಲಿ ನಾನು ದಿನಾ ಗುಣಿಸ್ತೀನಿ, ಕಳೀತೀನಿ” ಎಂದರೆ ಸುಳ್ಳಾಗುತ್ತಾ? ಯೋಚಿಸಿ, “ಇಲ್ಲ, ಅದು ನಿಜ” ಅಂದಳು. ಒಳಗಿನ ಇನ್ನೊಬ್ಬಳು ಏನಂತಾಳೆ? “ಅವ್ಳೂ ಸುಮ್ನಿದ್ದಾಳೆ.”

ನಮ್ಮ ಮೊದಲನೇ ಮಾತು ಹೀಗೆ ಸಿಕ್ಕಿತು. ಕೇಳಲು ಏನೂ ದೊಡ್ಡದಲ್ಲ. ಆದರೆ ಗೋಡೆಯ ಮೇಲಿದ್ದ ಮಾತಿಗಿಂತ ಇದಕ್ಕೆ ತೂಕ ಜಾಸ್ತಿ, ಏಕೆಂದರೆ ಬೆಳಿಗ್ಗೆ ಹತ್ತು ಗಂಟೆಗೆ ತಕ್ಕಡಿಯೇ ಸಾಕ್ಷಿ ಹೇಳುತ್ತಿತ್ತು.

ಎರಡನೇ ಮಾತು ನಮ್ಮ ಕನ್ನಡದಿಂದಲೇ ಬಂತು. ನಾವು ವಿದ್ಯೆಗೆ ‘ಬರುವುದು’ ಎನ್ನುತ್ತೇವೆ. ಈಜು ಬರುತ್ತೆ, ಹಾಡು ಬರುತ್ತೆ, ಲೆಕ್ಕ ಬರುತ್ತೆ. ಬರಲ್ಲ ಎಂದುಬಿಟ್ಟರೆ ಬಾಗಿಲು ಹಾಕಿದ ಹಾಗೆ. ನಾನು ಆಕೆಗೆ ಬಸ್ಸಿನ ಉದಾಹರಣೆ ಕೊಟ್ಟೆ. ಸ್ಟ್ಯಾಂಡಿನಲ್ಲಿ ಯಾರಾದರೂ “ಬಸ್ ಬರಲ್ಲ” ಅಂದರೆ ಏನು ಮಾಡ್ತೀಯ? “ಮನೆಗೆ ಹೋಗ್ತೀನಿ.” “ಬಸ್ ಇನ್ನೂ ಬಂದಿಲ್ಲ” ಅಂದರೆ? “ಕಾಯ್ತೀನಿ.” ಹೇಳಿದವಳೇ ನಕ್ಕಳು. ಎರಡರಲ್ಲೂ ಬಸ್ಸು ಎದುರಿಗಿಲ್ಲ. ಎರಡೂ ಆ ಕ್ಷಣಕ್ಕೆ ನಿಜ. ಆದರೆ ಒಂದು ಮಾತು ಕೇಳಿದವಳು ಬ್ಯಾಗ್ ಎತ್ತಿಕೊಂಡು ಹೊರಡುತ್ತಾಳೆ, ಇನ್ನೊಂದನ್ನು ಕೇಳಿದವಳು ಅಲ್ಲೇ ಇರುತ್ತಾಳೆ. ಅವತ್ತಿನಿಂದ ‘ಬರಲ್ಲ’ ಎಂಬ ಪದ ನಮ್ಮ ಹಜಾರದಲ್ಲಿ ನಿಷಿದ್ಧವಾಯಿತು. ಬಾಯ್ತಪ್ಪಿ ಬಂದರೆ ನಾನು “ಬಿಡ್ತು ಅನ್ನು” ಅನ್ನುತ್ತಿದ್ದೆ.

ಈ ‘ಬಿಡ್ತು ಅನ್ನು’ ನಮ್ಮ ಅಜ್ಜಿಯರ ಮಾತು. ಮನೆಯಲ್ಲಿ ಯಾರಾದರೂ ಕೆಟ್ಟದ್ದು ನುಡಿದರೆ, ಅಸ್ತು ದೇವತೆಗಳು ಕೇಳಿಸಿಕೊಂಡು ಅಸ್ತು ಅಂದುಬಿಡುತ್ತಾರೆ ಎಂದು ತಕ್ಷಣ ಬಿಡ್ತು ಅನ್ನಿಸುತ್ತಿದ್ದರು. ತನಗೆ ತಾನು ಹೇಳಿಕೊಳ್ಳುವ ಮಾತಿಗೆ ಬಲ ಇದೆ ಎಂಬುದು ನಮಗೆ ಹೊಸ ವಿಷಯವೇನಲ್ಲ. ಫ್ರಾನ್ಸ್‌ನ ನಾನ್ಸಿ ಊರಿನಲ್ಲಿ ಎಮಿಲ್ ಕುಎ ಎಂಬ ಔಷಧ ಶಾಸ್ತ್ರದವರು ನೂರು ವರ್ಷದ ಹಿಂದೆ ಇದನ್ನೇ ಒಂದು ಪದ್ಧತಿಯಾಗಿ ಮಾಡಿದ್ದರು. ದಿನದಿಂದ ದಿನಕ್ಕೆ ಎಲ್ಲ ರೀತಿಯಲ್ಲೂ ನಾನು ಸುಧಾರಿಸುತ್ತಿದ್ದೇನೆ ಎಂಬ ಅರ್ಥದ ಮಾತನ್ನು ಬೆಳಿಗ್ಗೆ ಇಪ್ಪತ್ತು ಸಲ, ರಾತ್ರಿ ಇಪ್ಪತ್ತು ಸಲ ಹೇಳಬೇಕು. ಎಣಿಸಲು ಇಪ್ಪತ್ತು ಗಂಟು ಹಾಕಿದ ದಾರ. ಜಪಮಾಲೆ ನೆನಪಾಗುವುದಿಲ್ಲವೇ? ಅವರ ಮಾತಿನಲ್ಲಿ ನನಗೆ ಹಿಡಿಸಿದ್ದು ಅದರ ಕ್ರಿಯಾಪದ. ಸುಧಾರಿಸಿದ್ದೇನೆ ಎಂದಿಲ್ಲ, ಸುಧಾರಿಸುತ್ತಿದ್ದೇನೆ ಎಂದಿದೆ. ಆದರೂ ‘ಎಲ್ಲ ರೀತಿಯಲ್ಲೂ’ ಎಂಬ ಭಾಗ ನಮ್ಮ ಆಕೆಗೆ ಭಾರವಾಗುತ್ತಿತ್ತು. ಒಂದೇ ರೀತಿಯಲ್ಲಿ, ಇವತ್ತಿನ ಮಟ್ಟಿಗೆ ಸಾಕು ಎಂದು ನಾವು ಇಬ್ಬರೂ ತೀರ್ಮಾನಿಸಿದೆವು.

‘ಬಂತು’ ಪುಸ್ತಕ

ನೂರು ಪುಟದ ಒಂದು ನೋಟ್‌ಬುಕ್ ತಂದಳು. ರಾತ್ರಿ ಎಂಟೂವರೆಗೆ, ಪಾತ್ರೆ ತೊಳೆದ ಮೇಲೆ, ಒಂದು ಲೆಕ್ಕ. ಬಿಡಿಸಿದ ಮೇಲೆ ತಾರೀಖು ಹಾಕಿ ಒಂದು ಸಾಲು: “ಇವತ್ತು ಬಂತು: ಸರಾಸರಿ.” “ಇವತ್ತು ಬಂತು: ವರ್ಜಿಸುವ ವಿಧಾನ, ಒಂದು ಲೆಕ್ಕ.” ಬರದಿದ್ದ ದಿನ “ಇನ್ನೂ ಬಂದಿಲ್ಲ” ಎಂದು ಬರೆದು ಪುಟ ಸಂಖ್ಯೆ ಹಾಕಬೇಕು. ಬೆಳಿಗ್ಗೆ ಒಲೆ ಹಚ್ಚುವ ಮುಂಚೆ 21 ಸಲದ ಬದಲು ಹಿಂದಿನ ರಾತ್ರಿಯ ಸಾಲನ್ನು ಒಮ್ಮೆ ಗಟ್ಟಿಯಾಗಿ ಓದಬೇಕು.

ಗಮನಿಸಿ, ಇಲ್ಲಿ ಕ್ರಮ ತಿರುಗಿದೆ. ಮೊದಲು ಮಾತು, ಆಮೇಲೆ ಕೆಲಸ ಎಂದಿದ್ದದ್ದು ಈಗ ಮೊದಲು ಕೆಲಸ, ಆಮೇಲೆ ಮಾತು ಎಂದಾಯಿತು. ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲಿ, ನನ್ನಿಂದ ಇದಾಗುತ್ತದೆ ಎಂಬ ನಂಬಿಕೆ ನಾಲ್ಕು ಕಡೆಯಿಂದ ಬರುತ್ತದೆ ಎಂದು ಬರೆದರು. ತಾನೇ ಮಾಡಿ ಗೆದ್ದ ಅನುಭವ, ತನ್ನಂಥವರು ಮಾಡಿದ್ದನ್ನು ನೋಡುವುದು, ಮಾತಿನ ಪ್ರೋತ್ಸಾಹ, ಮೈಮನಸ್ಸಿನ ಆಗಿನ ಸ್ಥಿತಿ. ಇವುಗಳಲ್ಲಿ ಮೊದಲನೆಯದೇ ಎಲ್ಲಕ್ಕಿಂತ ಗಟ್ಟಿ. ಬರೀ ಮಾತಿನಿಂದ ಹುಟ್ಟಿದ ನಂಬಿಕೆ ಒಂದು ಪೆಟ್ಟಿಗೆ ಬೀಳುತ್ತದೆ. ನಾವು ಮಾಡಿದ್ದು ಇಷ್ಟೇ. ಮಾತನ್ನು ಮೊದಲನೆಯದರ ಕೊರಳಿಗೆ ಕಟ್ಟಿದೆವು.

ಪಾಠದ ವಿಷಯದಲ್ಲಿ ಒಂದು ಸಂಜೆಯನ್ನು ಹೇಳಲೇಬೇಕು. ಸಮಾಂತರ ಶ್ರೇಢಿ. ಸೂತ್ರ ಬರೆದರೆ ಆಕೆಗೆ ಕತ್ತಲೆ. ಪುಸ್ತಕ ಮುಚ್ಚಿ ಕೇಳಿದೆ: ಸಂಘಕ್ಕೆ ಮೊದಲ ವಾರ ಐವತ್ತು ರೂಪಾಯಿ ಕಟ್ತೀಯ, ಆಮೇಲೆ ಪ್ರತಿ ವಾರ ಹತ್ತು ಜಾಸ್ತಿ, ಹನ್ನೆರಡನೇ ವಾರ ಎಷ್ಟು? “ನೂರ ಅರವತ್ತು.” ಹೇಗೆ? ಹನ್ನೆರಡು ಹತ್ತಲಿ ನೂರ ಇಪ್ಪತ್ತು ಸೇರಿಸಲಿಲ್ಲ ಯಾಕೆ? “ಮೊದಲನೇ ವಾರ ಜಾಸ್ತಿ ಕಟ್ಟಲ್ವಲ್ಲ ಟೀಚರ್. ಹನ್ನೊಂದು ಸಲ ತಾನೇ ಜಾಸ್ತಿಯಾಗೋದು.” ಆಗ ಸೂತ್ರದಲ್ಲಿದ್ದ ‘ಎನ್ ಮೈನಸ್ ಒಂದು’ ತೋರಿಸಿದೆ. ಆಕೆ ಅದರ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದಳು. “ಇದು ಇದೇನಾ!” ಅಂದಳು. ಅವತ್ತಿನ ಸಾಲು ದಪ್ಪ ಅಕ್ಷರದಲ್ಲಿದೆ.

ಅಕ್ಟೋಬರ್, ನವೆಂಬರ್ ಚೆನ್ನಾಗಿಯೇ ಹೋದವು. ಆಮೇಲೆ ನಾನೇ ತಪ್ಪು ಮಾಡಿದೆ.

ಜನವರಿಯಲ್ಲಿ ಪೂರ್ತಿ ಪತ್ರಿಕೆ ಕೊಟ್ಟುಬಿಟ್ಟೆ. ಖಾಸಗಿ ಅಭ್ಯರ್ಥಿಗಳಿಗೆ ನೂರು ಅಂಕದ ಪತ್ರಿಕೆ, ಆಗ ಪಾಸಾಗಲು 35 ಬೇಕಿತ್ತು. ಬಂದದ್ದು 22. ಆಕೆಯ ಮುಖ ನೋಡಿ ಗಾಬರಿಯಾಗಿ “ಏನೂ ಆಗಲ್ಲ, ನೀನು ಪಾಸಾಗೇ ಆಗ್ತೀಯ” ಅಂದೆ. ಆಕೆ ತಲೆ ಎತ್ತಲಿಲ್ಲ. “ನೀವೂ ಚೀಟಿ ಥರಾನೇ ಮಾತಾಡ್ತೀರಿ ಟೀಚರ್.” ಮೂರು ದಿನ ಬರಲಿಲ್ಲ. ಮನೆಯಲ್ಲಿ ಅತ್ತೆ, ಈ ವಯಸ್ಸಲ್ಲಿ ಇದೆಲ್ಲ ಯಾಕೆ ಬೇಕಿತ್ತು ಎಂದರಂತೆ. ಪ್ರೀತಿಯಿಂದಲೇ ಹೇಳಿದ್ದು. ಆದರೂ ತಾಗುತ್ತದೆ.

ನಾಲ್ಕನೇ ದಿನ ನಾನೇ ಹೋದೆ. ಕ್ಷಮೆ ಕೇಳಿದೆ. ಪಾಸಾಗ್ತೀಯ ಎಂದು ಹೇಳಲು ನನ್ನ ಹತ್ತಿರ ಸಾಕ್ಷಿ ಇರಲಿಲ್ಲ, ಆ ಮಾತು ನಾನು ಆಡಬಾರದಿತ್ತು. ಅದರ ಬದಲು ಪತ್ರಿಕೆ ಹರಡಿಕೊಂಡು ಕೂತೆವು. ಮುಟ್ಟದೇ ಬಿಟ್ಟ ಪ್ರಶ್ನೆಗಳು ಎಷ್ಟು, ಮುಟ್ಟಿ ತಪ್ಪಿದ್ದು ಎಷ್ಟು? ಮುಟ್ಟಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಸರಿಯಿತ್ತು! ಮುಟ್ಟದೇ ಬಿಟ್ಟದ್ದೇ ಹೆಚ್ಚು. ಹೊಸ ಮಾತು ಅಲ್ಲೇ ಹುಟ್ಟಿತು, ಆಕೆಯೇ ಮಾಡಿದ್ದು: “ನಾನು ಮುಟ್ಟಿದ್ದು ಅರ್ಧ ಸರಿ ಬರುತ್ತೆ. ಅದಕ್ಕೆ ಜಾಸ್ತಿ ಮುಟ್ಟಬೇಕು.” ಇಷ್ಟು ಒಳ್ಳೆಯ ಮಾತನ್ನು ನಾನು ಮಾಡಿಕೊಡಲು ಆಗುತ್ತಿರಲಿಲ್ಲ.

ಥೇಲ್ಸ್ ಪ್ರಮೇಯ ಒಂದನ್ನು ಮಾತ್ರ ಬಿಟ್ಟೆವು. ಎಷ್ಟು ಸಲ ಹೇಳಿಕೊಟ್ಟರೂ ಮಧ್ಯದಲ್ಲಿ ದಾರಿ ತಪ್ಪುತ್ತಿತ್ತು. ಪುಸ್ತಕದಲ್ಲಿ ಶೀರ್ಷಿಕೆ ಬರೆದು, ಕೆಳಗೆ ಪುಟ ಖಾಲಿ ಬಿಟ್ಟಳು.

ಎರಡು ಪರೀಕ್ಷೆ

2025ರ ಮಾರ್ಚ್‌ನಲ್ಲಿ ಪರೀಕ್ಷೆ–1. ಕೋಣೆಯಲ್ಲಿ ಕ್ಯಾಮೆರಾ. ಸುತ್ತ ತನ್ನ ಮಗಳ ವಯಸ್ಸಿನ ಮಕ್ಕಳು. ಆಕೆಯ ಕೈ ನಡುಗಿತು. ಹೆದರಬೇಡ, ಸಮಾಧಾನ, ಸಮಾಧಾನ ಎಂದು ಹೇಳಿಕೊಂಡಳಂತೆ. ನಡುಕ ಇನ್ನೂ ಹೆಚ್ಚಾಯಿತು. ಒಂದು ನಕ್ಷೆಯ ಲೆಕ್ಕದಲ್ಲೇ ಮುಕ್ಕಾಲು ಗಂಟೆ ಹೋಯಿತು. ಮೇ ಮೊದಲ ವಾರ ಫಲಿತಾಂಶ ಬಂದಾಗ ಐದು ವಿಷಯ ಪಾಸ್. ಗಣಿತ 29.

ಈ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವ ದಿನ ಅದು. ನಾನು ಹೋದಾಗ ಆಕೆ ಅತ್ತು ಮುಗಿಸಿದ್ದಳು. ಕಣ್ಣು ಕೆಂಪಗಿತ್ತು. ಹೇಳಿದ್ದು ಇಷ್ಟು: “ಹದಿನೆಂಟಿತ್ತು. ಈಗ ಇಪ್ಪತ್ತೊಂಬತ್ತು. ಇನ್ನೂ ಬಂದಿಲ್ಲ, ಅಷ್ಟೇ.” ಪರೀಕ್ಷೆ–2 ಮೇ ಕೊನೆಯ ವಾರ ಶುರು. ಶಾಲೆಗೆ ರಜೆ ಇದ್ದದ್ದು ಅನುಕೂಲವಾಯಿತು. ಗೋಡೆಯ ಚೀಟಿಯ ಕಾಲದಲ್ಲಿ ಈ 29 ಬಂದಿದ್ದರೆ ಆಕೆ ಮತ್ತೆ ಅರ್ಜಿ ಹಾಕುತ್ತಿರಲಿಲ್ಲ ಎಂದು ನನಗೆ ಖಂಡಿತವಾಗಿ ಅನ್ನಿಸುತ್ತದೆ. ಜಾಣೆ ಎಂದು ಹೇಳಿಕೊಂಡವಳಿಗೆ 29 ಸುಳ್ಳು ಬಯಲಾದ ಹಾಗೆ. ಇನ್ನೂ ಬಂದಿಲ್ಲ ಎಂದವಳಿಗೆ 29 ದಾರಿಯಲ್ಲಿರುವ ಒಂದು ಊರು.

ನಡುಕದ ಬಗ್ಗೆಯೂ ಮಾತಾಡಿದೆವು. ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ ಅವರ ಪ್ರಯೋಗಗಳು 2014ರಲ್ಲಿ ಪ್ರಕಟವಾದವು. ಭಾಷಣ, ಹಾಡು, ಗಡುವಿನೊಳಗೆ ಮಾಡುವ ಗಣಿತ, ಇವುಗಳ ಮುಂಚೆ ಸಮಾಧಾನ ಮಾಡಿಕೊಳ್ಳಲು ಯತ್ನಿಸಿದವರಿಗಿಂತ, ಆ ಎದೆಬಡಿತವನ್ನು ಹುರುಪು ಎಂದು ಕರೆದುಕೊಂಡವರು ಚೆನ್ನಾಗಿ ಮಾಡಿದ್ದರು. ಆಕೆಗೆ ನಾನು ಕೇಳಿದ್ದು, ನಿನಗೆ ಬೇರೆ ಯಾವಾಗ ಹೀಗೆ ಕೈ ನಡುಗುತ್ತೆ? “ಆಗಸ್ಟ್ ಹದಿನೈದರ ಬೆಳಿಗ್ಗೆ. ಊರಿಗೆಲ್ಲ ಸಿಹಿ ಮಾಡ್ಬೇಕಲ್ಲ. ಪಾಕ ಹದ ಬರೋವರೆಗೂ ನಡುಗುತ್ತೆ.” ಪಾಕ ಯಾವಾಗಲಾದರೂ ಕೆಟ್ಟಿದೆಯಾ? “ಇಲ್ಲ.” ಎರಡನೇ ಸಲ ಪರೀಕ್ಷೆಗೆ ಹೋಗುವಾಗ ಆಕೆ ಹೇಳಿಕೊಂಡ ಮಾತು, “ಇವತ್ತು ಆಗಸ್ಟ್ ಹದಿನೈದು.” ಹೊರಗಿನವರಿಗೆ ಅರ್ಥವೇ ಆಗದ ಮಾತು. ಅದಕ್ಕೇ ಅದು ಆಕೆಯದು.

ಗಣಿತದಲ್ಲಿ 41 ಬಂತು.

ಇದನ್ನು ಮಾತಿನ ಪವಾಡ ಎಂದು ಯಾರೂ ಓದಬಾರದು. ಹತ್ತು ತಿಂಗಳು ಆಕೆ ನಿದ್ದೆ ಬಿಟ್ಟು ಲೆಕ್ಕ ಮಾಡಿದ್ದಾಳೆ. ಎಂಟನೇ ತರಗತಿಯ ಮಗಳು ಎಷ್ಟೋ ರಾತ್ರಿ ಪಾತ್ರೆ ತೊಳೆದಿದ್ದಾಳೆ. ಅಂಕ ತಂದದ್ದು ಆ ದುಡಿಮೆ. ನಾವು ಆರಿಸಿದ ಮಾತುಗಳು ಮಾಡಿದ್ದು ಒಂದೇ ಕೆಲಸ, ಸೋತ ದಿನ ಆಕೆ ಓದುವ ಚಾಪೆ ಬಿಟ್ಟು ಎದ್ದುಹೋಗದ ಹಾಗೆ ನೋಡಿಕೊಂಡವು. ಪುಸ್ತಕದ ಮುಂದೆ ಕೂತೇ ಇರುವಂತೆ ಮಾಡಿದವು. ಒಬ್ಬಳ ಪ್ರಕರಣದಿಂದ ಎಲ್ಲರಿಗೂ ಅಳತೆ ಹೊಲಿಯಲೂ ಆಗುವುದಿಲ್ಲ. ಮೊದಲೇ ಧೈರ್ಯವಿರುವ ಹುಡುಗಿಗೆ ಗೋಡೆಯ ಚೀಟಿಯೇ ಸಾಕಾಗಬಹುದು.

ಒಕ್ಕೂಟದ ಕೆಲಸ ಅಷ್ಟರಲ್ಲಿ ಬೇರೆಯವರಿಗೆ ಆಗಿತ್ತು. ಆಕೆಗೆ ಬೇಸರವಾಯಿತು, ನನಗೂ. ಮುಂದಿನ ಸಲ ಕರೆದಾಗ ಅರ್ಜಿ ಹಾಕುತ್ತಾಳೆ. ಈಗಲೂ ಹತ್ತು ಗಂಟೆಗೆ ಹಾಜರಾತಿ ಚೀಟಿ ಬರುತ್ತದೆ, ತಕ್ಕಡಿ ತೂಗುತ್ತದೆ.

ಜುಲೈಯ ಒಂದು ಭಾನುವಾರ ಮಧ್ಯಾಹ್ನ ‘ಬಂತು’ ಪುಸ್ತಕ ಹಿಡಿದುಕೊಂಡು ಬಂದಳು. ಇನ್ಯಾವ ಪರೀಕ್ಷೆಯೂ ಇರಲಿಲ್ಲ. ಖಾಲಿ ಬಿಟ್ಟಿದ್ದ ಪುಟ ತೆಗೆದು ನನ್ನ ಮುಂದಿಟ್ಟಳು. “ಥೇಲ್ಸ್ ಒಂದು ಉಳಿದುಬಿಟ್ಟಿದೆ ಟೀಚರ್.”

ತ್ರಿಭುಜ ಬರೆದೆವು. ಒಂದು ಬಾಹುವಿಗೆ ಸಮಾಂತರವಾಗಿ ಗೆರೆ ಎಳೆದೆವು. ಎರಡು ಗಂಟೆ ಹಿಡಿಯಿತು. ಮೂರು ಸಲ ತಪ್ಪಿದಳು. ನಾಲ್ಕನೇ ಸಲ ನಾನು ಬಾಯಿ ತೆರೆಯಲಿಲ್ಲ, ಕೊನೆಯ ಸಾಲಿನವರೆಗೆ ಒಬ್ಬಳೇ ಬರೆದಳು. ಪೆನ್ನು ಕೆಳಗಿಟ್ಟು, ಮತ್ತೆ ಎತ್ತಿಕೊಂಡು, ಪುಟದ ಮೇಲ್ಗಡೆ ತಾರೀಖು ಹಾಕಿದಳು.